ಒಂದು ಸ್ವೀಟ್, ಆರು ಜನಕ್ಕೆ

ಟಿಣ್.

ರಾತ್ರಿ ಒಂದು ಗಂಟೆಗೆ ಮುಂಬಯಿಯ ಸಯನ್ನಿನ ನಮ್ಮ ಚಾಳಿನಲ್ಲಿ ಯಾವ ಯಾವ ಸದ್ದು ಕೇಳಿಸಬೇಕೋ ಅವೆಲ್ಲ ನನಗೆ ಬಾಯಿಪಾಠ. ಕೊನೆಯ ಲೋಕಲ್ಲಿನದು, ಪಕ್ಕದ ಕೋಣೆಯ ನಿಂಗಣ್ಣನ ಗೊರಕೆಯದು, ನಲ್ಲಿಯ ಮುಂದೆ ಸಾಲಾಗಿಟ್ಟ ಬಕೆಟುಗಳಲ್ಲಿ ತಮ್ಮದನ್ನು ಗುಟ್ಟಾಗಿ ಒಂದು ಜಾಗ ಮುಂದಕ್ಕೆ ತಳ್ಳಲು ಬರುವವರ ಚಪ್ಪಲಿಯದು. ಈ ಟಿಣ್ ಅವುಗಳಲ್ಲಿ ಯಾವುದೂ ಅಲ್ಲ.

ಮತ್ತೊಮ್ಮೆ ಟಿಣ್. ನಮ್ಮದೇ ಅಡುಗೆಮೂಲೆಯಿಂದ.

ನಾನು ಹೆದರುವವಳು. ಆದರೆ ಹೆದರಿಕೊಂಡು ಮುಸುಕೆಳೆಯುವವಳಲ್ಲ, ಹೆದರಿಕೊಂಡೇ ಹೋಗಿ ನೋಡುವವಳು. ಲಟ್ಟಣಿಗೆ ಹಿಡಿದು ಪರದೆ ಸರಿಸಿದೆ.

ನಮ್ಮವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮೈಮೇಲೆ ಬನಿಯನ್, ಸೊಂಟದಲ್ಲಿ ಲುಂಗಿ, ಕೊರಳಲ್ಲಿ ನಮ್ಮ ಮದುವೆಯ ದಿನದ ಟೈ. ಎಡಗೈಯಲ್ಲಿ ಎಲ್ಲಿಂದಲೋ ತಂದ ಮುಳ್ಳುಚಮಚ, ಬಲಗೈಯಲ್ಲಿ ತರಕಾರಿ ಹೆಚ್ಚುವ ಚೂರಿ. ಎದುರಿನ ಸ್ಟೀಲ್ ತಟ್ಟೆಯಲ್ಲಿ ಸಂಜೆ ಉಳಿದಿದ್ದ ಒಂದು ಇಡ್ಲಿ. ಚೂರಿ ತಗುಲಿದ ಕೂಡಲೇ ಅದು ತಟ್ಟೆಯ ಆಚೆ ಅಂಚಿಗೆ ಓಡುತ್ತಿತ್ತು. ಇವರು ಅಟ್ಟಿಸಿಕೊಂಡು ಹೋಗುತ್ತಿದ್ದರು. ಟಿಣ್.

"ಎಂಥದು ಇದು?" ಎಂದೆ.

"ಅಭ್ಯಾಸ," ಎಂದರು. "ಮೆಲ್ಲ ಮಾತಾಡು ಮಾರಾಯ್ತಿ. ವಾರಿಜ ಏಳ್ತಾಳೆ."

ವಾರಿಜ ನನ್ನ ನಾದಿನಿ, ಇವರ ತಂಗಿ. ಫೋರ್ಟಿನ ಕಡೆ ಒಂದು ಆಫೀಸಿನಲ್ಲಿ ಟೈಪಿಸ್ಟ್. ಎರಡು ಸಂಬಂಧಗಳು ಬಂದು, ಉಪ್ಪಿಟ್ಟು ತಿಂದು, ಹೋಗಿದ್ದವು. ಈಗ ಬಂದಿರುವುದು ಮೂರನೆಯದು. ಹುಡುಗ ದೂಜ, ಬ್ಯಾಂಕಿನಲ್ಲಿ ಗುಮಾಸ್ತ, ತಂದೆ ಇಲ್ಲ. ಮೊದಲ ಎರಡಕ್ಕೂ ಮುಖ ಸಿಂಡರಿಸಿದ್ದ ವಾರಿಜ ಈ ಹೆಸರು ಕೇಳಿ "ಅಣ್ಣ ಹೇಳಿದ ಹಾಗೆ" ಎಂದಿದ್ದಳು. ಅಣ್ಣ ಹೇಳಿದ ಹಾಗೆ ಅವಳು ಅದುವರೆಗೆ ಒಂದು ಲೋಟ ನೀರನ್ನೂ ಕುಡಿದವಳಲ್ಲ. ನಾನು ಗಮನಿಸಿದೆ. ಗಮನಿಸುವುದೇ ನನ್ನ ಕಾಯಿಲೆ.

ನಮ್ಮ ಜನರಲ್ಲಿ ಹುಡುಗನ ಸೋದರಮಾವ ಒಪ್ಪದೆ ಮದುವೆ ಇಲ್ಲ. ದೂಜನ ಸೋದರಮಾವ ಕೊರಗಪ್ಪನವರು, ಮಾಟುಂಗದಲ್ಲಿ ತೆಂಗಿನಕಾಯಿಯ ಹೋಲ್‌ಸೇಲ್ ವ್ಯಾಪಾರಿ. ಅವರು ಹೂಂ ಎಂದರೆ ಮದುವೆ, ಊಹೂಂ ಎಂದರೆ ವಾರಿಜನಿಗೆ ನಾಲ್ಕನೆಯ ಉಪ್ಪಿಟ್ಟು.

ಅಂಥ ಕೊರಗಪ್ಪನವರ ಜೊತೆ ನಮ್ಮವರು ಆ ದಿನ ಮಾಟುಂಗದ ಸಂಘದ ವಾರ್ಷಿಕೋತ್ಸವದ ಊಟ ಮುಗಿಸಿ ಎಲೆಅಡಿಕೆ ಹಾಕುತ್ತಾ ಕೂತಿದ್ದರಂತೆ. ಯಾರು ಎಷ್ಟು ದುಬಾರಿ ಜಾಗಕ್ಕೆ ಹೋಗಿದ್ದಾರೆ ಎಂಬ ಮಾತು ಎದ್ದಿತು. ಒಬ್ಬರು ವಿಮಾನ ನಿಲ್ದಾಣದಲ್ಲಿ ಎರಡು ರೂಪಾಯಿಯ ಚಹಾ ಕುಡಿದಿದ್ದರು. ಇನ್ನೊಬ್ಬರು ಮಹಾಬಲೇಶ್ವರದಲ್ಲಿ ಒಂದು ರಾತ್ರಿ ಮಲಗಿದ್ದರು. ಕೊರಗಪ್ಪನವರು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ಓಷನ್ ಕ್ರೌನ್ ಹೋಟೆಲಿಗೆ ನಾನು ಹೋಗದ ವಾರ ಇಲ್ಲ. ಒಂದು ಕಾಫಿಗೆ ನಾಲ್ಕು ರೂಪಾಯಿ."

ಎಪ್ಪತ್ತೆರಡನೆಯ ಇಸವಿಯಲ್ಲಿ ನಾಲ್ಕು ರೂಪಾಯಿಗೆ ನಮ್ಮ ಇಡೀ ಮಹಡಿ ಕಾಫಿ ಕುಡಿಯಬಹುದಿತ್ತು. ಎಲ್ಲರೂ ಸುಮ್ಮನಾದರು. ಹಡಗು ಕಂಪನಿಯಲ್ಲಿ ಲಕೋಟೆಗಳಿಗೆ ಅಂಚೆಚೀಟಿ ಹಚ್ಚಿಸುವ ನನ್ನ ಗಂಡ ಪೂವಪ್ಪ ಮಾತ್ರ ಸುಮ್ಮನಾಗಲಿಲ್ಲ. ಹಿಂದಿನ ವರ್ಷ ಮಳೆ ಬಂದಾಗ ಅವರು ಅದೇ ಹೋಟೆಲಿನ ಮುಂಭಾಗದ ಚಪ್ಪರದಡಿ ಎರಡು ನಿಮಿಷ ನಿಂತಿದ್ದರು. ಮೂರನೆಯ ನಿಮಿಷಕ್ಕೆ ದರವಾನ ಓಡಿಸಿದ್ದ.

"ನಾವೂ ಹೋಗುದುಂಟು," ಎಂದರು ನಮ್ಮವರು. "ಅಲ್ಲಿ ಗಾಳಿ ಒಳ್ಳೆದುಂಟು."

"ಹಾಗಾದ್ರೆ ಹುಡುಗಿಯನ್ನು ಅಲ್ಲೇ ನೋಡುವ," ಎಂದರು ಕೊರಗಪ್ಪನವರು. "ಆದಿತ್ಯವಾರ, ನಾಲ್ಕು ಗಂಟೆಗೆ."

ಇದಿಷ್ಟನ್ನೂ ನಮ್ಮವರು ಇಡ್ಲಿಯ ಮುಂದೆ ಕೂತು ಒಪ್ಪಿಸಿದರು.

"ಆಗುದಿಲ್ಲ ಅಂತ ಹೇಳ್ಲಿಕ್ಕೆ ನಿಮಗೆ ಬಾಯಿ ಇರ್ಲಿಲ್ವಾ?"

"ಹೇಗೆ ಹೇಳುದು? ಗಾಳಿ ಒಳ್ಳೆದುಂಟು ಅಂತ ಹೇಳಿ ಆಗಿತ್ತಲ್ಲ."

ನಾವು ಮೂವರು, ಅವರು ಮೂವರು. ತಲೆಗೆ ಒಂದು ಸ್ವೀಟ್, ಒಂದು ಖಾರ, ಒಂದು ಕಾಫಿ. ಹೆಣ್ಣು ನೋಡಲು ಬಂದವರಿಗೆ ಅಷ್ಟು ಕೊಟ್ಟರೆ ಮರ್ಯಾದೆ ಉಳಿಯುತ್ತದೆ. ಹೆಚ್ಚೆಂದರೆ ಅರುವತ್ತು ರೂಪಾಯಿ ಎಂದು ಇವರು ಅಂದಾಜು ಹೇಳಿದರು. ನಾನು ಹೂಂ ಎಂದೆ. ಆದರೆ ಗ್ಯಾಸ್ ಒಲೆಗೆಂದು ಅವಲಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟಿದ್ದ ಇನ್ನೂರ ಅರುವತ್ತನ್ನೂ ಇವರಿಗೆ ಹೇಳದೆ ನನ್ನ ಪರ್ಸಿಗೆ ಹಾಕಿಕೊಂಡೆ. ನಾನು ಡಿಸೆಂಬರಿನಲ್ಲೂ ಛತ್ರಿ ಹಿಡಿದು ಹೊರಡುವವಳು.

ಮರುದಿನ ಮೂಲೆಯ ಔಷಧಿ ಅಂಗಡಿಯಿಂದ ಹೋಟೆಲಿಗೆ ಫೋನ್ ಮಾಡಿದರು. ಪಕ್ಕದಲ್ಲಿ ನಿಂತ ನನಗೆ ಕೇಳಿಸಿದ್ದು ಈ ಕಡೆಯ ಮಾತು ಮಾತ್ರ.

"ಹಲೋ! ವಿ ವಾಂಟ್ ಸ್ವೀಟ್. ಸಂಡೇ, ಫೋರ್ ಓ ಕ್ಲಾಕ್... ನೋ, ನೋ, ಫಸ್ಟ್ ಸ್ವೀಟ್. ಖಾರ ಲೇಟರ್... ವಿಚ್ ಈಸ್ ಫ್ರೆಶ್, ದಟ್ ಒನ್... ಯೆಸ್, ಯೆಸ್! ಫಾರ್ ಮ್ಯಾರೇಜ್! ಥ್ಯಾಂಕ್ಯೂ, ಥ್ಯಾಂಕ್ಯೂ."

ಫೋನಿಟ್ಟು ಎದೆಯುಬ್ಬಿಸಿದರು. "ಎಂಥ ಜನ ಮಾರಾಯ್ತಿ! ಎಲ್ಲ ಸ್ವೀಟೂ ಫ್ರೆಶ್ಶೇ ಅಂತೆ. 'ಶೀ ವ್ಯೂ' ಬೇಕಾ ಅಂತ ಅವರಾಗಿಯೇ ಕೇಳಿದ್ರು. ಹೆಣ್ಣು ನೋಡ್ಲಿಕ್ಕೆ ಅವರಲ್ಲಿ ಬೇರೆಯೇ ವ್ಯವಸ್ಥೆ ಉಂಟು!"

ಶೀ ವ್ಯೂ. ವ್ಯಾಕರಣ ನನಗೆ ಸರಿಕಾಣಲಿಲ್ಲ. ಆದರೆ ದೊಡ್ಡ ಜಾಗಗಳ ಇಂಗ್ಲಿಷು ಮಂಗಳೂರಿನ ಕಾಲೇಜಿನಲ್ಲಿ ನಾನು ಬಿ.ಎ.ಗೆ ಓದಿದ ಇಂಗ್ಲಿಷಿನಂತೆಯೇ ಇರಬೇಕೆಂದು ಎಲ್ಲಿದೆ?

ಔಷಧಿ ಅಂಗಡಿಯಲ್ಲಿ ಆಡಿದ ಮಾತು ನಮ್ಮ ಚಾಳಿಗೆ ನಮಗಿಂತ ಮೊದಲು ತಲುಪುತ್ತದೆ. ಸಂಜೆಯೊಳಗೆ ಪೂವಪ್ಪನಿಗೆ ಲಾಟರಿ ಹೊಡೆದಿತ್ತು. ಬಾಡಿಗೆ ವಸೂಲಿಗೆ ಬಂದ ಮರಾಠಿಯವನು "ಕಾಯ್ ಶೇಠ್, ಖೋಲಿ ಸೋಡಣಾರ್ ಕಾ?" ಎಂದು, ಕೋಣೆ ಯಾವಾಗ ಬಿಡುತ್ತೀರಿ ಎಂದು ಕೇಳಿದ. ಹೋಗುವವರಿಗೆ ನೀರೇಕೆಂದು ಯಾರೋ ನಮ್ಮ ಬಕೆಟ್ಟನ್ನು ಸಾಲಿನ ಕೊನೆಗೆ ತಳ್ಳಿದರು. ಆ ವರ್ಷ ನೀರು ಬರುತ್ತಿದ್ದುದು ಬೆಳಗಿನ ಜಾವ ನಾಲ್ಕರಿಂದ ಐದರವರೆಗೆ ಮಾತ್ರ. ಶ್ರೀಮಂತಿಕೆಯ ಮೊದಲ ದಿನವೇ ನಾವು ಸ್ನಾನವಿಲ್ಲದೆ ಉಳಿದೆವು.

ನಿಂಗಣ್ಣನ ಹೆಂಡತಿ ಭಾಗವ್ವ ಬಾಗಲಕೋಟೆ ಕಡೆಯವಳು. ಅವಳಿಗೆ ಹೊಟ್ಟೆಕಿಚ್ಚಿರಲಿಲ್ಲ, ಬರೀ ಆಶ್ಚರ್ಯ. "ಅಲ್ರೀ ಅಕ್ಕಾರ, ಹುಡಿಗಿನ್ನ ತೋರ್ಸಾಕ ಅಷ್ಟ ದೂರ ಯಾಕ್ರಿ? ಇಲ್ಲಿ ಬೆಳಕ ಸಾಲಂಗಿಲ್ಲೇನು? ನಮ್ಮ ಕಡೆ ಒಂದ ಮುಷ್ಟಿ ಚುರಮರಿ ಕೊಟ್ರ ಲಗ್ನ ಆಗ್ತೈತಿ."

ಹಾಗೆಂದರೂ ತನ್ನ ಟ್ರಂಕಿನಿಂದ ಹೊಸ ಇಳಕಲ್ ಸೀರೆ ತೆಗೆದು ವಾರಿಜನಿಗೆ ಕೊಟ್ಟಳು. "ಉಟ್ಕೊಂಡ ಹೋಗ ತಂಗಿ. ಅಷ್ಟ ದೊಡ್ಡ ಹೋಟ್ಲನ್ಯಾಗ ನಮ್ಮ ಸೀರಿನಾರ ಕುಂತ ಬರ್ಲಿ."

ಭಾನುವಾರ ಸಯನ್ನಿನಿಂದ ವಿ.ಟಿ.ಗೆ ಲೋಕಲ್, ಅಲ್ಲಿಂದ ಟ್ಯಾಕ್ಸಿ. ಓಷನ್ ಕ್ರೌನ್ ಸಮುದ್ರಕ್ಕೆ ಮುಖ ಮಾಡಿ ಹತ್ತು ಮಹಡಿ ನಿಂತಿತ್ತು. ಕೊರಗಪ್ಪನವರು, ಅವರ ತಂಗಿ ಶೀಲಾವತಮ್ಮ, ಆಕೆಯ ಮಗ ದೂಜ ಆಗಲೇ ಬಂದು ಎದುರಿನ ಫುಟ್‌ಪಾತಿನಲ್ಲಿ ನಿಂತಿದ್ದರು. ದರವಾನ ನಮ್ಮವರಿಗೆ ಸಲಾಮು ಹೊಡೆದ. ನಮ್ಮವರು ವಾಪಸು ಹೊಡೆದರು. ಅವನು ಕರ್ತವ್ಯವೆಂದು ಇನ್ನೊಮ್ಮೆ ಹೊಡೆದ. ಇವರೂ ಬಿಡಲಿಲ್ಲ. ನಾನು ಮೊಣಕೈಯಿಂದ ತಿವಿಯದಿದ್ದರೆ ಮುಹೂರ್ತ ಮೀರುತ್ತಿತ್ತು.

ಬಾಗಿಲು ತಿರುಗುವ ಬಗೆಯದು. ವಾರವಾರ ಬರುವ ಕೊರಗಪ್ಪನವರು ಮುಂದಾಳಾಗಿ ಒಳಹೊಕ್ಕರು, ಒಂದು ಸುತ್ತು ಬಂದು, ನಮ್ಮ ಮುಂದೆಯೇ ಹೊರಬಿದ್ದರು.

"ಹೊಸತಾಗಿ ಹಾಕಿದ್ದಾರೆ," ಎಂದರು.

ಹಿತ್ತಾಳೆಯ ಹಿಡಿ ಕೈ ತಾಗಿ ತಾಗಿ ಸವೆದಿತ್ತು. ನಾನು ಗಮನಿಸಿದೆ.

ಒಳಗೆ ಕಪ್ಪು ಕೋಟಿನವನೊಬ್ಬ ನಮ್ಮವರ ಹೆಸರು ಕೇಳಿ, ಕೈಕುಲುಕಿ, "ಕಂಗ್ರಾಜುಲೇಷನ್ಸ್ ಸರ್, ಯುವರ್ ಸ್ವೀಟ್ ಈಸ್ ರೆಡಿ" ಎಂದು ಗುಲಾಬಿಯ ಗೊಂಚಲೊಂದನ್ನು ಕೊಟ್ಟ. ನಮ್ಮವರು ನನ್ನ ಕಡೆ ನೋಡಿದ ನೋಟದಲ್ಲಿ ದಿಗ್ವಿಜಯವಿತ್ತು. ನಮ್ಮನ್ನು ಕುರ್ಚಿ ಮೇಜುಗಳಿದ್ದ ಕಡೆ ಕರೆದೊಯ್ಯಬಹುದೆಂದುಕೊಂಡೆ. ಲಿಫ್ಟಿಗೆ ಹತ್ತಿಸಿದರು. ಕೊರಗಪ್ಪನವರು ಲಿಫ್ಟಿನಲ್ಲಿ ಕಣ್ಣುಮುಚ್ಚಿ ನನ್ನ ಗಂಡನ ತೋಳು ಹಿಡಿದುಕೊಂಡರು.

ಒಂಬತ್ತನೆಯ ಮಹಡಿಯ ಬಾಗಿಲೊಂದರ ಮೇಲಿನ ಹಿತ್ತಾಳೆ ಫಲಕದಲ್ಲಿ ನಾನು ಆ ಪದ ಓದಿದೆ. ತಿನ್ನುವ ಸ್ವೀಟಿನ ಕಾಗುಣಿತ ಅದಲ್ಲ. ಪರೀಕ್ಷೆಗೆ ಓದುವಾಗ ಆ ಪದವನ್ನು ಹತ್ತಾರು ಸಲ ಕಂಡಿದ್ದೆ, ಅರ್ಥವೂ ಗೊತ್ತಿತ್ತು: ದೊಡ್ಡ ಹೋಟೆಲುಗಳಲ್ಲಿ ದಿನಬಾಡಿಗೆಗೆ ಸಿಗುವ, ಎರಡು ಮೂರು ಕೋಣೆಗಳ ಬಿಡಾರ. ಆದರೆ ಪ್ರತಿಸಲವೂ ಮನಸ್ಸಿನಲ್ಲಿ 'ಸೂಟ್' ಎಂದೇ ಓದಿಕೊಂಡಿದ್ದೆ. ಅದನ್ನು ಬಾಯಲ್ಲಿ 'ಸ್ವೀಟ್' ಎನ್ನುತ್ತಾರೆಂದು ನನಗೆ ಹೇಳಿಕೊಡುವಷ್ಟು ದೊಡ್ಡ ಜಾಗಕ್ಕೆ ನಮ್ಮ ಪ್ರೊಫೆಸರರೂ ಹೋಗಿರಲಿಲ್ಲ.

ಅದರ ಹಿಂದೆ ಇನ್ನೊಂದು ಪದವಿತ್ತು: ಹನಿಮೂನ್.

ಬಾಗಿಲು ತೆರೆಯಿತು. ಎದುರಿಗೆ ನಮ್ಮ ಇಡೀ ಕೋಣೆಯಷ್ಟು ಅಗಲದ ಮಂಚ. ಬಿಳಿ ಹಾಸಿನ ಮೇಲೆ ಗುಲಾಬಿ ಎಸಳುಗಳಿಂದ ಬಿಡಿಸಿದ ಹೃದಯ.

 ವಾರಿಜ ಗೋಡೆ ನೋಡಿದಳು. ದೂಜ ಎದುರಿನ ಗೋಡೆ ನೋಡಿದ.

"ಪೂವಪ್ಪ," ಎಂದರು ಕೊರಗಪ್ಪನವರು ಕೊನೆಗೆ. "ನಾವು ಹುಡುಗಿ ನೋಡ್ಲಿಕ್ಕೆ ಬಂದದ್ದು. ನೀನು ಎಲ್ಲಿಯವರೆಗೆ ಹೋಗಿದ್ದೀ ಮಾರಾಯ?"

"ಇಲ್ಲಿ ಹೀಗೆಯೇ," ಎಂದರು ನಮ್ಮವರು. "ನಿಮಗೆ ಗೊತ್ತುಂಟಲ್ಲ."

"ನನಗೆ..." ಎಂದು ಕೊರಗಪ್ಪನವರು ಕೆಮ್ಮಿದರು. "ಗೊತ್ತುಂಟು, ಗೊತ್ತುಂಟು."

ಅದು ಸಾಲದೆಂಬಂತೆ ನಮ್ಮವರು ಫೋನೆತ್ತಿ ಗಟ್ಟಿಯಾಗಿ ಕೇಳಿದರು: "ವೇರ್ ಈಸ್ ಅವರ್ ಸ್ವೀಟ್?"

ಆಚೆಯ ಉತ್ತರ ನನಗೂ ಕೇಳಿಸಿತು. "ಯು ಆರ್ ಇನ್ ಇಟ್, ಸರ್."

ನಮ್ಮವರು ಮೇಜಿನ ಮೇಲೆ ನೋಡಿದರು. ಕಾಲ ಕೆಳಗೆ ನೋಡಿದರು, ಚಪ್ಪಲಿ ಎತ್ತಿ ನೋಡಿದರು. ನಾನು ಅವರ ಕಿವಿಯಲ್ಲಿ ಆ ಪದದ ಅರ್ಥ ಹೇಳಿ, ಬಾಗಿಲ ಹಿಂದೆ ತೂಗಿದ್ದ ದರಪಟ್ಟಿ ತೋರಿಸಿದೆ. ತೆರಿಗೆಯೆಲ್ಲ ಸೇರಿ ದಿನಕ್ಕೆ ನಾನೂರ ಹದಿನೆಂಟು. ಇವರ ತಿಂಗಳ ಸಂಬಳ ನಾನೂರ ಇಪ್ಪತ್ತೈದು. ಇವರು ಹೋಗಿ ಹೃದಯದ ನಟ್ಟನಡುವೆ ಕೂತುಬಿಟ್ಟರು.

ಶೀಲಾವತಮ್ಮ ಎದ್ದರು. "ಅಣ್ಣ, ನನಗೆ ತಲೆ ತಿರುಗ್ತದೆ. ಮುಖ ತೊಳ್ಕೊಂಡು ಬರ್ತೇನೆ. ಆಮೇಲೆ ಹೊರಡುವ. ಇಂಥ ಕೋಣೆಯಲ್ಲಿ ಹುಡುಗಿ ತೋರಿಸುವ ಮನೆ ನಮಗೆ ಬೇಡ." ಬಚ್ಚಲಿನ ಬಾಗಿಲು ಹಾಕಿಕೊಂಡರು.

ಮೂರನೆಯ ಸಂಬಂಧ ಮುಗಿಯಿತು. ವಾರಿಜನ ಕೈ ಇಳಕಲ್ ಸೆರಗಿನ ಅಂಚನ್ನು ಹಿಂಡುತ್ತಿತ್ತು.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಕೊರಗಪ್ಪನವರು ಬಾಗಿಲು ತಟ್ಟಿದರು. "ಶೀಲಾವತೀ! ಬದುಕಿದ್ದೀಯಾ?"

ಒಳಗಿನಿಂದ ನೀರಿನ ಭೋರ್ಗರೆತದ ನಡುವೆ ಧ್ವನಿ ಬಂತು. "ಅಣ್ಣಾ! ಬಿಸಿ ನೀರು! ನಿಲ್ಲುದಿಲ್ಲ!"

"ನಿಲ್ಲಿಸ್ಲಿಕ್ಕೆ ಬರುದಿಲ್ವಾ?"

"ಬರ್ತದೆ! ನಾನು ನಿಲ್ಲಿಸುದಿಲ್ಲ!"

ಒಂದು ಗಂಟೆಯ ಮೇಲೆ ಶೀಲಾವತಮ್ಮ ತಲೆಗೆ ಬಿಳಿ ಟವೆಲ್ಲು ಸುತ್ತಿಕೊಂಡು, ಹೊಸದಾಗಿ ಹುಟ್ಟಿದವರಂತೆ ಹೊರಬಂದರು. "ಮಲಗಿ ಮೀಯುವ ತೊಟ್ಟಿ ಉಂಟು ಅಣ್ಣ. ಕುತ್ತಿಗೆವರೆಗೆ ನೀರು. ಮುಂಬಯಿಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು, ಇವತ್ತು ನನಗೆ ಸ್ನಾನ ಆಯ್ತು." ಸೋಫಾದಲ್ಲಿ ಕೂತು ನಿಟ್ಟುಸಿರುಬಿಟ್ಟು, "ಹುಡುಗಿ ಲಾಯ್ಕುಂಟು," ಎಂದರು. ಹುಡುಗಿಯ ಮುಖವನ್ನು ಅವರಿನ್ನೂ ಸರಿಯಾಗಿ ನೋಡಿರಲಿಲ್ಲ.

ಮುಂದೆ ನಡೆದದ್ದನ್ನು ಹೆಣ್ಣು ನೋಡುವ ಶಾಸ್ತ್ರ ಎನ್ನಬೇಕೋ ಬೇಡವೋ ತಿಳಿಯದು. ಕೊರಗಪ್ಪನವರು ಅಂಗಿ ಬಿಚ್ಚುತ್ತಲೇ ಒಳಹೋದರು. ಅವರಾದ ಮೇಲೆ ನಮ್ಮವರು. ದಿನವಿಡೀ ಬಾಡಿಗೆ ಬಿದ್ದಿರುವಾಗ ನೀರು ಬಿಡುವುದೇಕೆ ಎಂದು ದೂಜನನ್ನೂ ತಳ್ಳಿದರು. ನಾನು ಸ್ನಾನ ಮಾಡಲಿಲ್ಲ ಎಂದು ಬರೆಯುವ ಆಸೆಯಿದೆ. ಇಪ್ಪತ್ತು ನಿಮಿಷ ಮಾಡಿದೆ. ನಡುವೆ ಆರು ಕಾಫಿ ತರಿಸಿದರು. ತಲೆ ಒರೆಸುತ್ತಾ ಎಲ್ಲರೂ ಸಾಸರಿಗೆ ಬಗ್ಗಿಸಿ ಕುಡಿದರು. ಮುಳ್ಳುಚಮಚದ ಅಭ್ಯಾಸ ಕೆಲಸಕ್ಕೆ ಬರಲಿಲ್ಲ.

ನಾನು ಹೊರಬಂದಾಗ ವಾರಿಜ ಮತ್ತು ದೂಜ ಪರದೆ ಸರಿಸಿದ ಕಿಟಕಿಯ ಬಳಿ ನಿಂತಿದ್ದರು. ಹೊರಗೆ ಅರಬ್ಬಿ ಸಮುದ್ರ. ಶೀ ವ್ಯೂ ಎಂದರೇನೆಂದು ನನಗೆ ಆಗ ಹೊಳೆಯಿತು.

"ಎಂಟು ನಲವತ್ತೆರಡರ ಲೋಕಲ್ಲಿನಲ್ಲಿ ನಿನ್ನೆ ಕಾಣಲಿಲ್ಲ?" ಎನ್ನುತ್ತಿದ್ದ ದೂಜ.

"ನೀರಿರ್ಲಿಲ್ಲ. ತಡ ಆಯ್ತು," ಎಂದಳು ಅಣ್ಣ ಹೇಳಿದ ಹಾಗೆ ಕೇಳುವ ಹುಡುಗಿ.

ಕೊರಗಪ್ಪನವರು ತೀರ್ಪು ಕೊಟ್ಟರು: "ಪೂವಪ್ಪ, ತಿಂಡಿ ಕೊಟ್ಟ ಮನೆ ಎಷ್ಟೋ ನೋಡಿದ್ದೇನೆ. ಬಂದವರಿಗೆ ಬಿಸಿನೀರು ಮೀಯಿಸಿದ ಮನೆ ಇದೊಂದೇ. ಈ ಸಂಬಂಧ ನನಗೆ ಒಪ್ಪಿಗೆ." ಹಾಗೆಂದು, ಎಲೆಅಡಿಕೆ ಸಿಗುತ್ತದೋ ನೋಡಿ ಬರುತ್ತೇನೆಂದು ಕೆಳಗೆ ಹೋದರು.

ನಮ್ಮವರ ಮುಖದಲ್ಲಿ ನಗು ಇತ್ತು, ರಕ್ತ ಇರಲಿಲ್ಲ. ಹುಡುಗನ ಕಡೆಯವರ ಎದುರು ಹೋಟೆಲಿನವರು ಬಿಲ್ಲಿಗಾಗಿ ಕೊರಳಪಟ್ಟಿ ಹಿಡಿದರೆ ಒಪ್ಪಿಗೆ ಎಷ್ಟು ಹೊತ್ತು ನಿಲ್ಲುತ್ತದೆ? ಕಾಲಿಗೆ ಬಿದ್ದು ಕಂತು ಕೇಳೋಣವೆಂದು ನಾನೂ ಪರ್ಸು ಹಿಡಿದು ಮೆಟ್ಟಿಲಿಳಿದೆ.

ಕೆಳಗೆ ಕೌಂಟರಿನ ಪಕ್ಕ ಅಡುಗೆಮನೆ ಉಗ್ರಾಣದವನಂತೆ ಕಾಣುವ ಒಬ್ಬ ಬಿಳಿ ಟೊಪ್ಪಿಯವನು ಕೊರಗಪ್ಪನವರ ಎದುರು ಬೆರಗಾಗಿ ನಿಂತಿದ್ದ.

"ಇದೆಂಥ ಕೊರಗಪ್ಪಣ್ಣ, ಇವತ್ತು ಮುಂದಿನ ಬಾಗಿಲಿಂದ? ಹನ್ನೊಂದು ವರ್ಷ ಆಯ್ತು, ಹಿಂದಿನ ಗೇಟು ಬಿಟ್ಟು ಈಚೆ ಬಂದವರೇ ಅಲ್ಲ! ಕಾಯಿಯ ಗಾಡಿ ಎಲ್ಲಿ?"

ಕೊರಗಪ್ಪನವರು ತಿರುಗಿದರು. ನಾನಿದ್ದೆ.

ಟೊಪ್ಪಿಯವನು ಒಳಗೆ ಹೋದ ಮೇಲೆ ಅವರು ನನ್ನ ಹತ್ತಿರ ಬಂದರು. "ಕೇಳಿತಾ ತಂಗಿ?"

"ಕೇಳಿತು."

"ಸುಳ್ಳು ಹೇಳಿದ್ದಲ್ಲ. ವಾರವಾರ ಬರುದು ಹೌದು. ಯಾವ ಬಾಗಿಲು ಅಂತ ಯಾರೂ ಕೇಳ್ಲಿಲ್ಲ." ತಲೆ ಇನ್ನೂ ಒದ್ದೆಯಿತ್ತು. "ಒಂದು ಸಲ ಆ ಲಿಫ್ಟಿನಲ್ಲಿ ಹತ್ತಬೇಕು ಅಂತ ಆಸೆ ಇತ್ತು. ನಿನ್ನ ಗಂಡ 'ಗಾಳಿ ಒಳ್ಳೆದುಂಟು' ಅಂದ. ಇವನಿಗೆ ದಾರಿ ಗೊತ್ತುಂಟು, ಇವನ ಹಿಂದೆ ಹೋದ್ರೆ ಆಯ್ತು ಅಂತ ತಿಳ್ಕೊಂಡೆ."

"ಅವರಿಗೆ ಚಪ್ಪರದವರೆಗೆ ಮಾತ್ರ ಗೊತ್ತು," ಎಂದೆ. ಪರ್ಸು ತೆರೆದು ತೋರಿಸಿದೆ. "ಇನ್ನೂರ ಅರುವತ್ತುಂಟು. ಇವರ ಕಿಸೆಯ ಅರುವತ್ತು ಟ್ಯಾಕ್ಸಿಗೆ, ಕೋಣೆಗೆ ತಂದ ಕಾಫಿಯ ದುಪ್ಪಟ್ಟು ರೇಟಿಗೆ, ಟಿಪ್ಸಿಗೆ ಹೋಯ್ತು."

ಕೊರಗಪ್ಪನವರು ಪರ್ಸು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಒಳಗೆ ಹೋಗಿ ಟೊಪ್ಪಿಯವನನ್ನು ಕರೆತಂದರು. ಮೂವರೂ ಕೌಂಟರಿನವನ ಜೊತೆ ಗುಸುಗುಸು ಮಾತಾಡಿದೆವು. ನನ್ನ ಇನ್ನೂರ ಅರುವತ್ತು ಹೋಯಿತು; ಉಳಿದದ್ದಕ್ಕೆ ಇನ್ನೂರು ತೆಂಗಿನಕಾಯಿ ಸೋಮವಾರ ಹಿಂದಿನ ಗೇಟಿಗೆ ಬರುವುದೆಂದಾಯಿತು.

"ನೀನು ಹಿಂದಿನ ಗೇಟು ನೋಡಿಲ್ಲ," ಎಂದರು ಕೊರಗಪ್ಪನವರು. "ನಾನು ನಿನ್ನ ಪರ್ಸು ನೋಡಿಲ್ಲ."

ಅಷ್ಟರಲ್ಲಿ ಲಿಫ್ಟು ಇಳಿಯಿತು. ನಮ್ಮವರು ಗಲ್ಲಿಗೇರುವವರಂತೆ ಕೌಂಟರಿನ ಹತ್ತಿರ ಬಂದು, ಗಂಟಲು ಸರಿಮಾಡಿಕೊಂಡು "ಬಿಲ್?" ಎಂದರು.

"ಆಲ್ ಸೆಟಲ್ಡ್, ಸರ್. ನಥಿಂಗ್ ಟು ಪೇ."

ಇವರ ರಕ್ತ ಮುಖಕ್ಕೆ ವಾಪಸು ಬಂತು. ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ಕೇಳಿದ್ಯಾ? ದೊಡ್ಡ ಜಾಗ ಅಂದ್ರೆ ಹೀಗೆ. ಹೆಣ್ಣು ನೋಡ್ಲಿಕ್ಕೆ ಚಾರ್ಜೇ ಇಲ್ಲ!" ಹೊರಡುವಾಗ ದರವಾನನಿಗೆ ಇವರೇ ಮೊದಲು ಸಲಾಮು ಹೊಡೆದರು.

ರಾತ್ರಿಯೊಳಗೆ ಚಾಳಿಗೆಲ್ಲ ಸುದ್ದಿಯಾಯಿತು. ಭಾಗವ್ವ ಸೀರೆ ವಾಪಸು ತೆಗೆದುಕೊಳ್ಳಲು ಬಂದವಳು ಸೀರೆ ಮರೆತು ನನ್ನ ಕೈ ಹಿಡಿದಳು. "ಅಕ್ಕಾರ, ಪುಕ್ಕಟೆ ಅಂತಲ್ರಿ? ಬಿಸಿನೀರೂ ಕೊಡ್ತಾರಂತ? ನಮ್ಮ ಅಣ್ಣನ ಮಗಳು ಸುಂದ್ರವ್ವನ್ನೂ ಅಲ್ಲೇ ತೋರ್ಸೂಣೇನ್ರಿ?"

"ವರ್ಷಕ್ಕೆ ಒಂದೇ ಮನೆಯವರಿಗೆ ಹಾಗೆ ಕೊಡುವುದಂತೆ ಭಾಗವ್ವ," ಎಂದೆ. ಮಾತನ್ನು ಅಳೆದು ತೂಗಿ ಆಡುವ ನನಗೆ ಸುಳ್ಳು ಇಷ್ಟು ಸರಾಗವಾಗಿ ಬರುತ್ತದೆಂದು ಆವರೆಗೆ ಗೊತ್ತಿರಲಿಲ್ಲ.

ದೀಪ ಆರಿಸಿದ ಮೇಲೆ ನಮ್ಮವರು ಕತ್ತಲಲ್ಲಿ ಹೇಳಿದರು: "ಏ, ಕ್ಯಾಲೆಂಡರಿನಲ್ಲಿ ಮುಹೂರ್ತ ನೋಡಿ ಇಡು. ಮದುವೆಯೂ ಅಲ್ಲೇ ಇಡುವನಾ? ಹೆಣ್ಣು ನೋಡುದೇ ಫ್ರೀ ಆದ್ರೆ..."

ನಾನು ಬಾಯಿ ತೆರೆದೆ. ಪರದೆಯಾಚೆ ವಾರಿಜ ನಿದ್ದೆ ಬಾರದೆ, ಯಾವುದೋ ಹಾಡನ್ನು ಗುನುಗುತ್ತಾ ಹೊರಳುತ್ತಿದ್ದಳು. ಮಾಟುಂಗದಲ್ಲಿ ಒಬ್ಬರು ಒದ್ದೆ ತಲೆಯಲ್ಲಿ ಇನ್ನೂರು ಕಾಯಿ ಆರಿಸುತ್ತಿರಬಹುದು. ಸ್ಟವ್ ಪಕ್ಕದ ಅವಲಕ್ಕಿ ಡಬ್ಬಿಯಲ್ಲಿ ಈಗ ಬರೀ ಅವಲಕ್ಕಿ.

ಬಾಯಿ ಮುಚ್ಚಿದೆ. ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದೆ. ಇವರಿಗಂತೂ ಹೇಳುವುದೇ ಇಲ್ಲ.